ಮಡಿ ಒಡೆಯುವ ಆಟ

ಪರದೆಯ ಮೇಲೆ ಮತ್ತೆ ಆ ನೀಲಿ ಗುಳ್ಳೆ, ನಾನು ಹೊಡೆಯುವ ಮೊದಲೇ ಗುಂಡಿ ಒತ್ತಿ ಅದರೊಳಗೆ ಕೂತುಬಿಟ್ಟ ವ್ಯಾಸರಾಜ, ನನ್ನ ಕತ್ತಿ ಟಣ್ ಅಂದು ಜಾರಿತು — ಮಡಿ ಉಟ್ಕೊಂಡ ಕಣ್ಲಾ, ಮುಟ್ಟಂಗಿಲ್ಲ, ಅಂತ ಹಿಂದೆ ಯಾರೋ ನಕ್ಕರು, ನಂಜನಗೂಡಿನ ಈ ಗೇಮ್ ಅಂಗಡಿಯಲ್ಲಿ ಆ ಗುಳ್ಳೆಗೆ ಮಡಿ ಅಂತಲೇ ಹೆಸರು, ಇವನ ದೆಸೆಯಿಂದ ಬಂದ ಹೆಸರು, ಇವನೂ ಕೇಳಿ ನಗುತ್ತಾನೆ, ನಗಲಿ, ಹಲ್ಲು ಬಿಡಲಿ, ಹೊಡೆದಷ್ಟೂ ಗುಳ್ಳೆ ಸಣ್ಣದಾಗುತ್ತೆ, ಸುಮ್ಮನೆ ಬಿಟ್ಟರೆ ಮತ್ತೆ ಊದಿಕೊಳ್ಳುತ್ತೆ, ಬಿಡಬಾರದು, ಉಸಿರಾಡಲು ಬಿಡಬಾರದು, ಹೊಡಿ, ಹಿಂದೆ ಸರಿ, ಹೊಡಿ, ಹತ್ತಿರವೇ ನಿಂತರೆ ಕೈ ಚಾಚಿ ಹಿಡಿದು ಎಸೆಯುತ್ತಾನೆ, ಕಳ್ಳ, ತಾನಾಗಿ ಮುಂದೆ ಬಂದು ಒಂದು ಏಟು ಹೊಡೆದವನಲ್ಲ, ಕೂತಲ್ಲಿಗೇ ಎಲ್ಲ ಬರಬೇಕು ಇವನಿಗೆ, ಎಲೆ ಬಂದ ಹಾಗೆ — ಹೆಡತಲೆಯಿಂದ ಬಾಳೆಎಲೆ ಕಟ್ಟು ತಂದು ಇದೇ ಊರಿನ ಇವರ ಮನೆ ಹಿತ್ತಲಲ್ಲಿ ಇಳಿಸುವವನು ನಮ್ಮಪ್ಪ, ಇವರಪ್ಪನದು ಮದುವೆ ಅಡುಗೆ ಕಂಟ್ರಾಕ್ಟು, ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ, ಜಗಲಿ ಮೇಲೆ ಮೊಬೈಲ್ ಹಿಡಿದು ಕೂತವನು ತಲೆ ಎತ್ತದೆ, ಏ ಹುಚ್ಚಯ್ಯ, ಎಲೆಯೆಲ್ಲ ಹರಿದಿದೆಯಲ್ಲೋ, ನೋಡ್ಕೊಂಡು ತರೋಕಾಗಲ್ವೇನೋ — ನನ್ನ ವಯಸ್ಸಿನವನು, ತಲೆಯೆಲ್ಲ ನರೆತ ನಮ್ಮಪ್ಪನಿಗೆ, ನನ್ನೆದುರಿಗೇ, ಅಪ್ಪ ನಕ್ಕು ಊಂ ಬುದ್ಧಿ ಅಂದ, ಎಲೆ ಎಣಿಸುತ್ತಾ ಕೂತ, ಹೊಡಿ, ಸರಿ, ಹೊಡಿ.

ಪಂದ್ಯ ಕಟ್ಟಿದವನು ನಾನೇ, ನಾನು ಗೆದ್ರೆ ಇವತ್ತಿಂದ ನಮ್ಮಪ್ಪನ್ನ ನೀವು ಅನ್ಬೇಕು, ಹುಚ್ಚಯ್ಯನವರೇ ಅನ್ಬೇಕು, ಅಷ್ಟೇನೇನೋ ಚೆಲುವರಾಜು, ಅಂತ ನಕ್ಕ, ಸೋತ್ರೆ? ಸೋತ್ರೆ ಈ ಮಾತು ಯಾವತ್ತೂ ಎತ್ತಲ್ಲ — ಇಬ್ಬರಿಗೂ ಒಂದೊಂದೇ ಜೀವ ಉಳಿದಿದೆ ಈಗ, ಗುಳ್ಳೆ ಕುಗ್ಗಿ ಕುಗ್ಗಿ ಅವನ ತಲೆ ಹೊರಗೆ ಬಂದಿದೆ, ಕಾಲು ಹೊರಗೆ ಬಂದಿದೆ, ಪಕ್ಕದ ಕುರ್ಚಿಯಲ್ಲಿ ನಗು ನಿಂತಿದೆ, ನಿಧಾನ ಕಣೋ ಅಂತಾನೆ, ನಿಧಾನವಂತೆ, ನಿನ್ನ ಮಡಿಗಿಷ್ಟು ಮಣ್ಣು ಹಾಕ — ಒಡೀತು! ಮಡಿ ಒಡೆದವನಿಗೆ ಈ ಆಟದಲ್ಲಿ ತಲೆ ಸುತ್ತುತ್ತೆ, ತೂರಾಡಿಕೊಂಡು ನಿಂತಿದ್ದಾನೆ, ಕೈ ಎತ್ತುವ ಹಾಗಿಲ್ಲ, ನಾನು ಗುಂಡಿ ಒತ್ತಿ ಹಿಡಿದು ಕತ್ತಿಗೆ ಬಲ ತುಂಬುತ್ತೇನೆ, ಬೇಕಾದಷ್ಟು ಹೊತ್ತಿದೆ, ಅನುಭವಿಸು ಮಗನೇ — ಚೆಲುವಾ, ಓಗಾನಾ ಮಗ? ಬಾಗಿಲಲ್ಲಿ ಅಪ್ಪ, ಎಲೆ ಇಳಿಸಿ ನನ್ನನ್ನು ಕರೆದೊಯ್ಯಲು ಬಂದವನು, ಇವನನ್ನು ಕಂಡದ್ದೇ ಚಪ್ಪಲಿ ಬೀದಿಯಲ್ಲೇ ಬಿಟ್ಟ, ಕೈ ಮುಗಿದು ಒಳಗೆ ಬಂದ, ಚೆಂದಾಗಿದ್ದೀರಾ ಬುದ್ಧಿ, ಅಯ್ಯೋ ಅಪ್ಪಾ, ಎಲ್ಲರೂ ಶೂ ಹಾಕಿಕೊಂಡೇ ತುಳಿದಾಡುವ ಕೊಳಕು ನೆಲ ಇದು, ಇದು ಯಾರ ಮನೆಯೂ ಅಲ್ಲ, ಯಾಕೆ ಬಿಟ್ಟೆ, ಸಿಟ್ಟಿಗೆ ಬೆರಳು ತಾನಾಗಿ ಗುಂಡಿ ಬಿಟ್ಟಿತು, ಕತ್ತಿ ಅವನ ಮೇಲೆ ಬಿತ್ತು, ಅವನು ಪರದೆಯಾಚೆ ಹಾರಿಹೋದ, ಗೆದ್ದೆ, ಅಂಗಡಿಯೆಲ್ಲ ಕೂಗುತ್ತಿದೆ, ಗೆದ್ದೆ ಅಪ್ಪಾ — ವ್ಯಾಸರಾಜ ಎದ್ದ, ಕಿವಿ ಕೆಂಪಾಗಿದೆ, ಮಾತಿಗೆ ತಪ್ಪಲಿಲ್ಲ, ತನ್ನ ಕುರ್ಚಿಯನ್ನೇ ಮುಂದೆ ತಳ್ಳಿದ, ಹುಚ್ಚಯ್ಯನವರೇ, ಕೂತ್ಕೊಳ್ಳಿ ನೀವು — ಕೂತ್ಕೋ ಅಪ್ಪಾ, ಇದಕ್ಕೇ ಅಲ್ಲವಾ ನಾನು, ಕೂತ್ಕೋ — ಅಪ್ಪನ ಮುಖ ಬಿಳಿಚಿತು, ಯಾಕ್ ಬುದ್ಧಿ ಇಂಗಂತೀರಿ, ನನ್ನಿಂದೇನಾರ ತೆಪ್ಪಾಯ್ತಾ, ನಾಳಿಂದ ಎಲೆ ಬ್ಯಾಡ್ವಾ — ಹಿಂದಕ್ಕೆ ಹೆಜ್ಜೆ ಇಡುತ್ತಾನೆ, ಕುರ್ಚಿಯಿಂದ ದೂರ, ನನ್ನಿಂದ ದೂರ, ಆ ಕೊಳಕು ನೆಲದ ಮೇಲೆ ಬರಿಗಾಲು, ಬಿರುಕು ಬಿಟ್ಟ ಹಿಮ್ಮಡಿ, ಹಿಂದಕ್ಕೆ, ಇನ್ನೂ ಹಿಂದಕ್ಕೆ, ಅಪ್ಪನ ಬರಿಗಾಲು, ಬರಿಗಾಲು