ಪಕ್ಕಕ್ಕೆ ಕೂತ ದುರ್ಬೀನು

ಅಮರನಾಥ್ ರೈಫಲಿನ ಲಿವರನ್ನು ಕೆಳಕ್ಕೆ ಒತ್ತಿ ಮೇಲೆತ್ತಿದ. ಒಳಗಿದ್ದ ಖಾಲಿ ತೋಟಾ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಅಂಗಡಿಯ ತಗಡಿನ ಸೂರಿಗೆ ಟಣ್ ಎಂದು ಬಡಿದು, ಮೇಜಿನ ಕೆಳಗೆ ಉರುಳಿಹೋಯಿತು.

“ನೋಡಿದ್ರಾ ಮುನಿರಾಮಣ್ಣ? ಖಾಲಿ ಆಗಿದ್ದು ಮೇಲಕ್ಕೇ ಹಾರುತ್ತೆ. ನೀವು ತಂದಿರೋ ದುರ್ಬೀನು ರೈಫಲಿನ ನೆತ್ತಿ ಮೇಲೆ ಕೂರಿಸಿದ್ರೆ ಅದಕ್ಕೇ ಬಡಿದು ಒಳಗೇ ಸಿಕ್ಕಾಕೊಳ್ಳುತ್ತೆ. ಎರಡನೇ ಗುಂಡು ಹೊಡಿಯೋಕೇ ಆಗಲ್ಲ.”

“ಮತ್ತೇನ್ ಮಾಡೋದು?”

“ಎಡಗಡೆ ಪಕ್ಕಕ್ಕೆ ಕೂರಿಸ್ಬೇಕು. ಅದಕ್ಕೆ ಉಕ್ಕು ಕೊರೀಬೇಕು. ನಿಮ್ಮಪ್ಪನ ಕಾಲದ್ದು ಇದು. ಒಂದ್ಸಲ ತೂತು ಬಿದ್ರೆ ಮುಚ್ಚೋಕಾಗಲ್ಲ.”

“ಕೊರಿಯಪ್ಪಾ,” ಅಂದ ಮುನಿರಾಮಪ್ಪ. ರೈಫಲಿನ ಕಡೆ ನೋಡಲೂ ಇಲ್ಲ.

ಅಂಥ ರೈಫಲು ಕೋಲಾರದ ಕಡೆ ಈಗ ಕಾಣಸಿಗುವುದೇ ಅಪರೂಪ. ಮುನಿರಾಮಪ್ಪನ ಅಪ್ಪ ಚಿನ್ನದ ಗಣಿಯ ಒಬ್ಬ ದೊರೆಯ ಜೊತೆ ಶಿಕಾರಿಗೆ ಹೋಗುತ್ತಿದ್ದವನು. ದೊರೆ ಊರು ಬಿಡುವಾಗ ಅದನ್ನು ಅವನಿಗೆ ಕೊಟ್ಟು ಹೋಗಿದ್ದ. ಲೈಸೆನ್ಸು ಅಪ್ಪನಿಂದ ಮಗನಿಗೆ ಬಂದಿತ್ತು. ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ಒಪ್ಪಿಸಿ ವಾಪಸು ತರುವಾಗ ಮುನಿರಾಮಪ್ಪ ಗಡಿಯಾರ ಗೋಪುರದ ಹಿಂದಿನ ಓಣಿಯ ಈ ಅಂಗಡಿಗೆ ಬಂದು ಎಣ್ಣೆ ಹಾಕಿಸಿಕೊಂಡು ಹೋಗುತ್ತಿದ್ದ. ಲಕ್ಕೂರಿನ ಆಚೆ ಅವನ ಊರು; ರಾಗಿ, ಹಿಪ್ಪುನೇರಳೆ, ಒಂದು ರೇಷ್ಮೆ ಹುಳದ ಮನೆ. ಬಂದಾಗಲೆಲ್ಲ ಕೂತು ಗಂಟೆಗಟ್ಟಲೆ ಮಾತಾಡುವವನು. ಇವತ್ತು ಬಾಯೇ ಬಿಡುತ್ತಿರಲಿಲ್ಲ. ಬೋಳಿಸಿದ್ದ ತಲೆಯ ಮೇಲೆ ಬಿಳಿ ಕೂದಲು ಮುಳ್ಳುಮುಳ್ಳಾಗಿ ಎದ್ದಿತ್ತು. ತಿರುಪತಿಗೆ ಹೋಗಿ ಬಂದಿರಬೇಕು ಅಂದುಕೊಂಡ ಅಮರನಾಥ್.

“ಈ ವಯಸ್ಸಲ್ಲಿ ದುರ್ಬೀನು ಯಾಕಣ್ಣ?”

“ಹಂದಿ. ರಾಗಿ ಉಳಿಸಲ್ಲ ಅಂತಾವೆ.”

ಜೊತೆಗೆ ಬಂದಿದ್ದ ಮಗಳು ದಿವ್ಯ ನರಸಾಪುರದ ಕಂಪನಿಯೊಂದರ ಸಮವಸ್ತ್ರದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಹಂದಿ ಎಂದ ಕೂಡಲೇ ತಲೆ ತಗ್ಗಿಸಿ ಉಗುರು ನೋಡಿಕೊಳ್ಳತೊಡಗಿದಳು.

ಕೆಲಸ ನಿಧಾನದ್ದು. ಹಳೆಯ ಉಕ್ಕು ಕಲ್ಲಿನಷ್ಟು ಗಟ್ಟಿ. ಡ್ರಿಲ್ಲಿನ ಮೊನೆ ಜಾರುತ್ತಿತ್ತು. ಅಮರನಾಥ್ ಎಣ್ಣೆ ಬಿಟ್ಟು ಬಿಟ್ಟು ಕೊರೆದು, ತೂತಿನೊಳಗೆ ತಿರುಪು ಕಚ್ಚಿಕೊಳ್ಳುವಂತೆ ಸುತ್ತುಗೆರೆ ಕೊಯ್ದು, ಉಕ್ಕಿನ ಪಟ್ಟಿಯೊಂದನ್ನು ತಿರುಪು ಹಾಕಿ ಬಿಗಿದ. ಅದರ ಮೇಲೆ ದುರ್ಬೀನು ಪಕ್ಕಕ್ಕೆ ಹಾಯಾಗಿ ಕೂತಿತು. ಲಿವರ್ ಎಳೆದು ನೋಡಿದ. ಖಾಲಿ ತೋಟಾ ಏನನ್ನೂ ತಾಗದೆ ಹಾರಿಹೋಯಿತು.

ಮಾರನೆಯ ದಿನ ಮೂವರೂ ಊರಾಚೆ ಕೆಲಸ ನಿಂತುಹೋದ ಕಲ್ಲು ಕ್ವಾರಿಗೆ ಹೋದರು. ಗುರಿ ಕೂರಿಸದೆ ರೈಫಲು ಕೊಡುವ ಅಭ್ಯಾಸ ಅಮರನಾಥನಿಗಿರಲಿಲ್ಲ. ಮುನಿರಾಮಪ್ಪ ರಟ್ಟಿನ ಮೇಲೆ ಇದ್ದಿಲಲ್ಲಿ ಗುಂಡಗೆ ಬರೆದು, ಎದುರಿನ ಬಂಡೆಯ ಕಡೆ ನಡೆದ. ಬುಡದಲ್ಲಿ ಒರಗಿಸಬಹುದಿತ್ತು. ಅವನು ಪಕ್ಕದ ಗುಂಡುಕಲ್ಲು ಹತ್ತಿ, ತುದಿಗಾಲಲ್ಲಿ ನಿಂತು, ಕೈ ಎಟುಕುವಷ್ಟು ಮೇಲೆ ಒಂದು ಬಿರುಕಿಗೆ ಅದನ್ನು ಸಿಕ್ಕಿಸುತ್ತಿದ್ದ.

“ಹಂದಿ ಅಷ್ಟೆತ್ತರ ಇರುತ್ತೇನಮ್ಮ?” ಎಂದ ಅಮರನಾಥ್, ಮೆಲ್ಲಗೆ.

ದಿವ್ಯ ಅಪ್ಪನ ಬೆನ್ನ ಕಡೆ ನೋಡಿದಳು. “ಅಮ್ಮನ್ನ ಆನೆ ತುಳೀತು ಅಣ್ಣ. ಒಂಟಿ ಸಲಗ. ತಮಿಳುನಾಡ್ ಕಡೆಯಿಂದ ಬಂದಿದ್ದು. ಬೆಳಿಗ್ಗೆ ಹುಳಕ್ಕೆ ಸೊಪ್ಪು ತರೋಕೆ ಹೋದೋರು… ಅಪ್ಪಾನೇ ಹೋಗಿ ನೋಡಿದ್ದು. ಯಾರನ್ನೂ ಹತ್ರ ಬಿಡ್ಲಿಲ್ಲ, ನನ್ನೂ ಬಿಡ್ಲಿಲ್ಲ. ತಾವೇ ಪಂಚೆ ಬಿಚ್ಚಿ, ಅದರಲ್ಲಿ ಕಟ್ಕೊಂಡು ಬಂದ್ರು.”

“ಕದಿರಮ್ಮ?”

ಅವಳು ಹೌದೆಂದು ತಲೆಯಾಡಿಸಿದಳು. ಒಂದು ಸಲ ಗಂಡನ ಜೊತೆ ಅಂಗಡಿಗೆ ಬಂದಿದ್ದ ಹೆಂಗಸು, ಹುರಿಗಾಳು ಕಟ್ಟಿಕೊಂಡು ಬಂದು ಕೊಟ್ಟು ಹೋದವಳು. ಅಮರನಾಥನಿಗೆ ಅವಳ ಮುಖ ಸರಿಯಾಗಿ ನೆನಪಾಗಲಿಲ್ಲ.

ಮುನಿರಾಮಪ್ಪ ಹಿಂತಿರುಗಿ ಬಂದಾಗ ಅಮರನಾಥ್ ರೈಫಲು ಕೊಡದೆ ಹಿಡಿದುಕೊಂಡೇ ಇದ್ದ.

“ಮುನಿರಾಮಣ್ಣ, ಈ ತೋಟಾಗೆ ಆನೆ ಬೀಳಲ್ಲ. ಗಾಯ ಆಗುತ್ತೆ ಅಷ್ಟೇ. ಗಾಯ ಆದ ಆನೆ ಊರೊಳಕ್ಕೇ ನುಗ್ಗುತ್ತೆ.”

“ಯಾವ ಆನೆ?” ಎಂದ ಮುನಿರಾಮಪ್ಪ.

“ನನ್ನ ಹತ್ರ ಯಾಕಣ್ಣ ಮುಚ್ಚಿಡ್ತೀರಾ…”

“ಹಂದಿ ಅಂತ ಹೇಳಿದ್ನಲ್ಲಪ್ಪ.” ಅವನ ದನಿ ಏರಲಿಲ್ಲ. ಕೈ ಚಾಚಿ ರೈಫಲು ತೆಗೆದುಕೊಂಡ, ಕೆನ್ನೆಯನ್ನು ಹಿಡಿಗೆ ಒತ್ತಿದ, ಪಕ್ಕದ ದುರ್ಬೀನಿಗೆ ಕಣ್ಣು ಹೊಂದಿಸಿಕೊಳ್ಳಲು ಸ್ವಲ್ಪ ಎಡಕ್ಕೆ ವಾಲಿದ. ಒಂದೊಂದು ಗುಂಡು ಬಿದ್ದ ಜಾಗ ನೋಡಿ ಅಮರನಾಥ್ ದುರ್ಬೀನಿನ ತಿರುಪುಗಳನ್ನು ಹಿಂದೆ ಮುಂದೆ ಮಾಡಿದ. ಕೊನೆಯ ಗುಂಡು ಇದ್ದಿಲ ಗುರುತಿನ ನಟ್ಟನಡುವೆ ಬಿತ್ತು. ಮುನಿರಾಮಪ್ಪ ರಟ್ಟನ್ನು ಇಳಿಸಿ ತಂದು, ತೂತಿನಲ್ಲಿ ಬೆರಳಾಡಿಸಿದ. ಆ ಬೆರಳು ಒಂದಿಷ್ಟೂ ನಡುಗುತ್ತಿರಲಿಲ್ಲ.

ಒರೆಸಿ, ಎಣ್ಣೆ ಹಾಕಿ ಕೊಡುತ್ತೇನೆ ಎಂದು ಅಮರನಾಥ್ ರೈಫಲನ್ನು ಅಂಗಡಿಗೆ ತಂದ. ಅಪ್ಪ ಮಗಳು ಊಟಕ್ಕೆ ಹೋದರು. ಪೊಲೀಸಿಗೆ ಒಂದು ಫೋನು ಮಾಡಬಹುದಿತ್ತು. ಹೆಂಡತಿಯನ್ನು ಪಂಚೆಯಲ್ಲಿ ಕಟ್ಟಿ ತಂದ ಮನುಷ್ಯನ ಮನೆ ಬಾಗಿಲಿಗೆ ಜೀಪು ಕಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಕೊಡುವುದಿಲ್ಲ ಅನ್ನುವುದಕ್ಕೆ ರೈಫಲು ತನ್ನದಲ್ಲ. ಆನೆಗಳು ಪಟಾಕಿ ಸದ್ದಿಗೇ ಓಡುತ್ತವೆ ಎಂದು ಕೇಳಿದ್ದ. ಗುಂಡು ಮೇಲೆ ಹಾರಿಹೋದರೆ ಸದ್ದಿಗೆ ಆನೆಯೂ ಹೋಗುತ್ತದೆ, ಮನುಷ್ಯನೂ ಉಳಿಯುತ್ತಾನೆ. ಒಂದೆರಡು ಸಲ ಹೀಗೇ ಆದರೆ ಸಿಟ್ಟು ತಾನಾಗಿ ಇಳಿಯುತ್ತದೆ.

ದುರ್ಬೀನಿನ ಮೇಲಿನ ಮುಚ್ಚಳ ಬಿಚ್ಚಿದ. ತಿರುಪನ್ನು ಕಟಕಟ ಎಂದು ಸಾಕಷ್ಟು ತಿರುಗಿಸಿ, ಮುಚ್ಚಳ ಬಿಗಿದು, ಬೆರಳ ಗುರುತು ಒರೆಸಿದ.

“ಹುಷಾರಣ್ಣ,” ಎಂದ ಕೊಡುವಾಗ.

ರಾಗಿ ಹಾಲುತೆನೆಗೆ ಬಂದಾಗ ಸಲಗ ಮತ್ತೆ ಬಂತು. ಅದೆಲ್ಲ ಅಮರನಾಥನಿಗೆ ಗೊತ್ತಾದದ್ದು ಅರಣ್ಯ ಇಲಾಖೆಯವರು ಅಂಗಡಿಗೆ ಬಂದಾಗಲೇ. ಇಬ್ಬನಿ ಆರುವ ಮೊದಲೇ ಮುನಿರಾಮಪ್ಪ ನೀಲಗಿರಿ ತೋಪಿನ ಅಂಚಿನಲ್ಲಿ ಮೊಣಕಾಲೂರಿ ಗುಂಡು ಹೊಡೆದಿದ್ದ. ಆನೆ ಓಡಲಿಲ್ಲ, ಸದ್ದು ಬಂದ ಕಡೆಗೇ ತಿರುಗಿತು. ಅವನು ಎದ್ದು ಓಡಲಿಲ್ಲ. ಲಿವರ್ ಎಳೆದು ಮತ್ತೊಂದು ಹೊಡೆದ, ಇನ್ನೊಂದು ಹೊಡೆದ. ಆನೆ ಅವನನ್ನು ಎತ್ತಿ ಬದುವಿನ ಆಚೆಗೆ ಎಸೆದು, ತಮಟೆ ಹೊಡೆದುಕೊಂಡು ಜನ ಬರುತ್ತಲೇ ತೋಪಿನೊಳಕ್ಕೆ ಹೋಯಿತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. ಮುನಿರಾಮಪ್ಪನ ಸೊಂಟ ಮುರಿದಿತ್ತು.

“ನಿಮಗೇನ್ ಹೇಳಿ ಫಿಟ್ ಮಾಡಿಸ್ದ?” ಎಂದು ಕೇಳಿದರು.

“ಹಂದಿ ಅಂತ,” ಎಂದ ಅಮರನಾಥ್. ಅಂಗಡಿಯ ಸಾಮಾನೆಲ್ಲ ಕೆಳಗಿಳಿಸಿ ನೋಡಿ ಅವರು ಹೊರಟುಹೋದರು.

ಅದಾಗಿ ಬಹಳ ದಿನಗಳ ಮೇಲೆ ದಿವ್ಯ ಒಬ್ಬಳೇ ಬಂದಳು. ಒಳಗೆ ಬಾರದೆ ಮೆಟ್ಟಿಲ ಮೇಲೇ ನಿಂತಳು.

“ಅಪ್ಪ ಕಳಿಸಿದ್ರು ಅಣ್ಣ. ನಿಮ್ಮ ಹತ್ರ ತಪ್ಪಾಯ್ತು ಅಂತ ಹೇಳು ಅಂದ್ರು. ಸುಳ್ಳು ಹೇಳಿ ಕೆಲಸ ಮಾಡಿಸ್ಕೊಂಡೆ, ನನ್ನಿಂದ ಆ ಮನುಷ್ಯನಿಗೂ ತೊಂದ್ರೆ ಆಯ್ತು ಅಂತ.”

ಅಮರನಾಥನ ಕೈಯಲ್ಲಿದ್ದ ಅರ ಹಾಗೇ ನಿಂತಿತು.

“ಹೆಂಗಿದ್ದಾರೆ?”

“ಅನ್ನ ಬಿಟ್ಟಿದಾರೆ. ಬಲವಂತ ಮಾಡಿದ್ರೆ ಎರಡು ಗುಟುಕು ಗಂಜಿ. ‘ಎದುರಿಗೇ ನಿಂತಿತ್ತು ಕಣೇ, ಇಷ್ಟು ದೊಡ್ಡದು, ನನ್ನ ಕೈ ನಡುಗಿಬಿಡ್ತು. ಕದಿರಮ್ಮನಿಗೆ ಅಷ್ಟೂ ಮಾಡೋಕಾಗ್ಲಿಲ್ಲ’ ಅಂತಾರೆ. ಬೇರೆ ಮಾತೇ ಇಲ್ಲ.” ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. “ಬರ್ತೀನಣ್ಣ. ಶಿಫ್ಟಿಗೆ ಹೊತ್ತಾಗುತ್ತೆ.”

ಭಾನುವಾರ ಅಮರನಾಥ್ ಮಾಲೂರಿಗೆ ಹೋಗಿ, ಲಕ್ಕೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಆ ಊರಿಗೆ ಬಂದಿಳಿದ. ಹೆಂಡತಿಗೆ ಹೇಳಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ.

ಹುಳದ ಮನೆ ಖಾಲಿ ಬಿದ್ದಿತ್ತು. ನಡುಮನೆಯ ಮಂಚದಲ್ಲಿ ಮುನಿರಾಮಪ್ಪ ಸೂರು ನೋಡುತ್ತ ಮಲಗಿದ್ದ. ದೇಹ ಅರ್ಧಕ್ಕರ್ಧ ಇಳಿದಿತ್ತು. ಅಮರನಾಥನನ್ನು ಕಂಡು ಕೈ ಜೋಡಿಸಲು ಹೋದ. ದಿವ್ಯ ಕುರ್ಚಿ ಹಾಕಿ, “ಕಾಫಿ ತರ್ತೀನಣ್ಣ” ಎಂದು ಒಳಗೆ ಹೋದಳು.

“ನಿನಗೂ ತೊಂದ್ರೆ ಕೊಟ್ಟೆನಪ್ಪ…”

“ಮುನಿರಾಮಣ್ಣ, ನಿಮ್ಮ ಕೈ ನಡುಗ್ಲಿಲ್ಲ.”

ಮುದುಕ ಅರ್ಥವಾಗದೆ ನೋಡಿದ.

“ಕ್ವಾರಿಯಿಂದ ಬಂದ್ಮೇಲೆ ನಾನೇ ದುರ್ಬೀನಿನ ತಿರುಪು ತಿರುಗಿಸಿಟ್ಟೆ. ಎಲ್ಲಿ ಗುರಿ ಇಟ್ರೂ ಗುಂಡು ಅದರ ನೆತ್ತಿ ಮೇಲೇ ಹಾರಿಹೋಗೋ ಹಂಗೆ. ಸದ್ದಿಗೆ ಓಡೋಗುತ್ತೆ ಅಂದ್ಕೊಂಡಿದ್ದೆ. ನೀವು ಉಳೀಲಿ ಅಂತ…”

ದಿವ್ಯ ಕಾಫಿ ಲೋಟ ಹಿಡಿದು ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

“ಇನ್ನೊಂದ್ಸಲ ಹೇಳು,” ಎಂದ ಮುನಿರಾಮಪ್ಪ.

“ನಿಮ್ಮ ಕೈ ನಡುಗ್ಲಿಲ್ಲ.”

ಮುದುಕ ತನ್ನ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಮುಖದ ಮುಂದೆ ಹಿಡಿದ. ಅದರ ಹಿಂದು ಮುಂದು ತಿರುಗಿಸಿ ನೋಡಿದ. ಅವನ ಎದೆ ಏರಿ ಇಳಿಯಿತು, ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲಿಲ್ಲ.

“ಮೂರು ಗುಂಡೂ ಎರಡು ಕಣ್ಣಿನ ನಡುವಕ್ಕೇ ಇಟ್ಟಿದ್ದೆ,” ಎಂದ ಸೂರಿಗೆ. ಆಮೇಲೆ ಅಮರನಾಥನ ಕಡೆ ತಿರುಗಿದ. “ಎದ್ದೋಗು. ಈ ಜನ್ಮದಲ್ಲಿ ನನ್ನ ಕಣ್ಣಿಗೆ ಬೀಳ್ಬೇಡ.”

ಅಮರನಾಥ್ ಎದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಆ ದನಿ ಮತ್ತೆ ಕೇಳಿಸಿತು. ಹೆಂಡತಿಯ ಜೊತೆ ಆಡುತ್ತಿದ್ದ ತೆಲುಗಿನಲ್ಲಿ ಮಗಳನ್ನು ಊಟ ಕೇಳುತ್ತಿದ್ದ.

“ಅಮ್ಮಾ, ಅನ್ನಂ ಪೆಟ್ಟು.”

ಅಂಗಳ ದಾಟಿ ಅವನು ಒಮ್ಮೆ ತಿರುಗಿ ನೋಡಿದ. ದಿವ್ಯ ಮಂಚದ ಅಂಚಿನಲ್ಲಿ ಕೂತು, ಅಪ್ಪನ ತಲೆಯನ್ನು ತೊಡೆಗೆ ಒರಗಿಸಿಕೊಂಡು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ಚಿಕ್ಕ ಚಿಕ್ಕ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವಳು ಹೊರಗೆ ನೋಡಲಿಲ್ಲ. ಯಾರಿಗೂ ಕೊಡದ ಕಾಫಿ ಹೊಸ್ತಿಲ ಪಕ್ಕದಲ್ಲಿತ್ತು. ಅದರ ಮೇಲೆ ಆಗಲೇ ತೆಳ್ಳಗೆ ಕೆನೆ ಕಟ್ಟುತ್ತಿತ್ತು.