ಅನಿಲ್ ಕುಮಾರ್ ಅವರ ಕ್ಯಾನ್‌ಬೆರಾ

ಎಲ್ಲರೂ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಬಚ್ಚಲಿನ ಕಿಟಕಿಯಲ್ಲಿ ಸಮರ್ಥನ ಕುಂಚಗಳು ಕಂಡವು. ಗಾಜಿನ ಲೋಟದಲ್ಲಿ ಸೀಮೆಎಣ್ಣೆ, ಅದರಲ್ಲಿ ಅದ್ದಿಟ್ಟ ಸಣ್ಣ ಕುಂಚಗಳು. ಮನೆ ತುಂಬ ಜನರಿದ್ದಾಗಲೂ ಅದನ್ನು ಯಾರೂ ಕದಲಿಸಿರಲಿಲ್ಲ. ಚಿಕ್ಕತ್ತೆ ಭಾಗೀರಥಮ್ಮ ಅದೇನೋ ಔಷಧಿ ಎಂದುಕೊಂಡಿದ್ದರಂತೆ. ವೈಕುಂಠ ಸಮಾರಾಧನೆ ಮುಗಿದು ಶಾಮಿಯಾನದವರು ಕುರ್ಚಿ ಒಯ್ದಿದ್ದರು. ಕೆಳಗಿನ ಮನೆಯವರ ಕೊಳಗ, ಹಂಡೆ ವಾಪಸ್ಸು ಹೋಗಿದ್ದವು. ನಾನು ಸ್ನಾನ ಮಾಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟೆ. ಗಾಂಧಿಬಜಾರಿನ ಕಡೆಯಿಂದ ಬಸ್ಸುಗಳ ಸದ್ದು ಬರುತ್ತಿತ್ತು. ನಾನು ಪಾಠ ಮಾಡುವ ಕಾಲೇಜಿಗೆ ಇನ್ನೂ ರಜೆ ಹಾಕಿದ್ದೆ. ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಅನಿಲ್ ಕುಮಾರ್ ಬಂದರು. ಸಮರ್ಥನ ಹೈಸ್ಕೂಲು ಗೆಳೆಯ. ಮನೆ ಚಾಮರಾಜಪೇಟೆಯಲ್ಲಿ, ಕಲಾಸಿಪಾಳ್ಯದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಬಾಗಿಲಲ್ಲೇ ನಿಂತು ಮಾತಾಡಿದರು.

“ಅತ್ತಿಗೆ, ಗ್ಯಾಸು, ಬ್ಯಾಂಕು, ಏನ್ ಕೆಲ್ಸ ಇದ್ರೂ ಒಂದ್ ಫೋನ್ ಮಾಡಿ. ಸಂಕೋಚ ಬೇಡ.”

“ಆಯ್ತು.”

ನಾಲ್ಕು ಮೆಟ್ಟಿಲಿಳಿದವರು ತಿರುಗಿ ನಿಂತರು. “ಇನ್ನೊಂದ್ ವಿಷ್ಯ. ಈಗ ಕೇಳ್ಬಾರ್ದು. ನನ್ ಕ್ಯಾನ್‌ಬೆರಾ ಡಬ್ಬ ಅವನ ಹತ್ರ ಇತ್ತು. ಅರ್ಜೆಂಟಿಲ್ಲ. ಯಾರಾದ್ರೂ ತಿಳೀದೇ ಗುಜರಿಗೆ ಹಾಕ್ಬಿಟ್ರೆ ಅಂತ, ಅಷ್ಟೆ.”

“ಇದೆ. ತಂದ್ಕೊಡ್ತೀನಿ,” ಎಂದೆ.

ಆ ಡಬ್ಬದ ವಿಷಯ ನನಗೆ ಗೊತ್ತಿತ್ತು. ಅನಿಲ್ ಎಂಟನೇ ಕ್ಲಾಸಿನಲ್ಲಿದ್ದಾಗ ಅವರ ಸೋದರಮಾವ ಸಿಂಗಪುರದಿಂದ ತಂದದ್ದು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು ಕಟ್ಟುವ, ಕ್ಯಾನ್‌ಬೆರಾ ಎಂಬ ಬಾಂಬರ್ ವಿಮಾನದ ಮಾದರಿ. ಗೇಣಿಗಿಂತ ಸ್ವಲ್ಪ ಉದ್ದ. ಎಸ್ಸೆಸ್ಸೆಲ್ಸಿ ಪಾಸಾಗುವ ತನಕ ಮುಟ್ಟಕೂಡದೆಂದು ಅವರಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೈಗೆ ಸಿಗುವ ಹೊತ್ತಿಗೆ ಅನಿಲ್‌ಗೆ ಬಿಚ್ಚಲು ಮನಸ್ಸಾಗಲಿಲ್ಲ. ಮೇಲಿನ ತೆಳು ಹೊದಿಕೆಯ ಸಮೇತ ಇಷ್ಟು ವರ್ಷ ಹಾಗೇ ಇಟ್ಟುಕೊಂಡಿದ್ದರು.

ಸಮರ್ಥನೂ ಹುಡುಗನಾಗಿದ್ದಾಗ ಇಂಥವನ್ನು ಕಟ್ಟುತ್ತಿದ್ದ. ಕಾಲೇಜು ಸೇರಿದ ಮೇಲೆ ಬಿಟ್ಟವನು, ನಮ್ಮ ಮದುವೆಯಾಗಿ ಎರಡು ವರ್ಷಕ್ಕೆ ಮತ್ತೆ ಹಿಡಿದ. ಆಫೀಸಿನಿಂದ ಬಂದು, ವರಾಂಡದ ಮೇಜಿನ ಮುಂದೆ ನನಗೆ ಬೆನ್ನು ಮಾಡಿ ಕೂರುತ್ತಿದ್ದ. ಒಂದು ವಾರ ಇಟ್ಟುಕೊಂಡು ಕೊಡುತ್ತೇನೆ, ಬಿಚ್ಚುವುದಿಲ್ಲ ಎಂದು ಹೇಳಿ ಅನಿಲ್‌ರಿಂದ ಆ ಡಬ್ಬ ತಂದ. ಮೂರನೆಯ ದಿನ ಹೊದಿಕೆ ಹರಿದ. ಆಮೇಲೆ ಫೋನಿನಲ್ಲಿ ಅವರು ಸಿಕ್ಕಾಗಲೆಲ್ಲ “ಮುಟ್ಟಿಲ್ಲ ಮಗಾ, ದೇವ್ರಾಣೆ” ಎನ್ನುತ್ತಿದ್ದ. ರಿಸೀವರ್ ಹಿಡಿದ ಬೆರಳಿಗೆ ಬಣ್ಣ ಮೆತ್ತಿರುತ್ತಿತ್ತು. ಒಂದು ಬುಧವಾರ ಆಫೀಸಿನ ಮೆಟ್ಟಿಲ ಮೇಲೆ ಕುಸಿದುಬಿದ್ದ. ಆಸ್ಪತ್ರೆಯವರು ಹೃದಯ ಎಂದರು.

ಮೇಜಿನ ಮೇಲೆ ಡಬ್ಬ ತೆರೆದೇ ಇತ್ತು. ತುಂಡುಗಳನ್ನೆಲ್ಲ ಅವು ಅಂಟಿಕೊಂಡು ಬಂದ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿಯಾಗಿತ್ತು. ವಿಮಾನದ ಒಡಲು ಎರಡು ಹೋಳಾಗಿ ಅಂಗಾತ ಬಿದ್ದಿತ್ತು.

ಇದನ್ನು ಹೀಗೆ ಕೊಡುವುದು ಹೇಗೆ? ಹದಿಮೂರು ದಿನವೂ ಬಂದವರೆಲ್ಲ ಅವನನ್ನು ಒಳ್ಳೆಯವನೆಂದಿದ್ದರು. ಅನಿಲ್ ಏನೂ ಹೇಳದೆ ಅತ್ತಿದ್ದರು. ಅವರ ಮನಸ್ಸಿನಲ್ಲಿ ಅವನು ಸುಳ್ಳುಗಾರನಾಗುವುದು ನನಗೆ ಬೇಡವಾಗಿತ್ತು. ಉಳಿದದ್ದನ್ನು ನಾನೇ ಕಟ್ಟಿ, ನಿಮಗೆ ಉಡುಗೊರೆ ಕೊಡಲೆಂದು ಸಮರ್ಥನೇ ಗುಟ್ಟಾಗಿ ಮಾಡಿ ಮುಗಿಸಿದ್ದ ಎಂದು ಅನಿಲ್‌ಗೆ ಹೇಳಿ ಕೊಡುವುದೆಂದುಕೊಂಡೆ.

ನಾನು ಸಸ್ಯಶಾಸ್ತ್ರದವಳು. ಚಿಮಟ, ಸೂಜಿ, ಬ್ಲೇಡು ಹಿಡಿದು ಅಭ್ಯಾಸವಿತ್ತು. ಸೂಚನೆಯ ಹಾಳೆಯಲ್ಲಿ ಮೊದಲ ನಾಲ್ಕು ಚಿತ್ರಗಳಿಗೆ ಸಮರ್ಥ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ನಾನು ಐದರಿಂದ ಶುರುಮಾಡಿದೆ.

ಅವನ ಕುರ್ಚಿಯಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಅಲ್ಲಿಂದ ಮನೆಯೊಳಗಿನದೇನೂ ಕಾಣುವುದಿಲ್ಲ. ಎದುರುಮನೆಯ ನೀರಿನ ಟ್ಯಾಂಕು, ಒಂದು ತೆಂಗಿನ ಗರಿ, ಅಷ್ಟೆ. ಆದರೆ ಕೇಳಿಸುತ್ತದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತದೆ. ನಾನು ಸೌಟು ಇಟ್ಟದ್ದು, ಡಬ್ಬಿ ಮುಚ್ಚಿದ್ದು, ನನ್ನಷ್ಟಕ್ಕೆ ಗೊಣಗಿದ್ದು ಎಲ್ಲವೂ ಅವನಿಗೆ ಕೇಳಿಸಿರಬೇಕು. ಈಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಹೋಳುಗಳ ಒಳಗೆ ಅವನು ಮಾಡಿದ್ದನ್ನು ಹಗಲು ಬೆಳಕಿಗೆ ಹಿಡಿದು ನೋಡಿದೆ. ಪೈಲಟ್ಟಿನ ಹಿಂದೆ, ಗಾಜಿಲ್ಲದ ಜಾಗದಲ್ಲಿ, ದಾರಿ ಲೆಕ್ಕ ಹಾಕುವವನ ಸೀಟು. ಅದಕ್ಕೆ ದಾರದಷ್ಟು ಸಣ್ಣ ಪಟ್ಟಿ. ಮುಂದೆ ಗೋಡೆಯಲ್ಲಿ ಸಾಸಿವೆಗಿಂತ ಚಿಕ್ಕ ಗಡಿಯಾರಗಳು, ಒಂದೊಂದಕ್ಕೂ ಬಿಳಿ ಮುಳ್ಳು. ಮುಚ್ಚಿದ ಮೇಲೆ ಇದು ಕಾಣುವುದಿಲ್ಲ. ಯಾರು ನೋಡುತ್ತಾರೆ ಎಂದು ಒಮ್ಮೆ ಕೇಳಿದ್ದೆ. “ಯಾರೂ ಇಲ್ಲ” ಎಂದಿದ್ದ, ತಲೆಯೆತ್ತದೆ.

ಮುಚ್ಚುವುದನ್ನು ದಿನಗಟ್ಟಲೆ ಮುಂದೂಡಿದೆ. ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ. ಕಾಲೇಜಿಗೆ ಹೋಗಲು ಶುರುಮಾಡಿದ ಮೇಲೆ, ಒಂದು ಭಾನುವಾರ, ಅಂಚಿಗೆ ಅಂಟು ಎಳೆದು ಎರಡೂ ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಮುಂದಿನದು ಸುಲಭವಾಗಿತ್ತು. ರೆಕ್ಕೆ, ಬಾಲ, ಬಣ್ಣ. ಚಕ್ರಗಳನ್ನು ಕೊನೆಗೆ ಅಂಟಿಸಿ, ಅವನು ಮಾಡುತ್ತಿದ್ದಂತೆ ಬೆನ್ನು ಕೆಳಗಾಗಿ ಒಣಗಲಿಟ್ಟೆ. ಮಾರನೆಯ ದಿನ ಹಾಗೇ ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಕಲಾಸಿಪಾಳ್ಯಕ್ಕೆ ಹೋದೆ.

“ಅಯ್ಯೋ ಅತ್ತಿಗೆ, ಈ ಗಲಾಟೇಲಿ ಯಾಕ್ ಬಂದ್ರಿ? ಒಂದ್ ಮಾತು ಹೇಳಿದ್ರೆ ನಾನೇ ಬರ್ತಿದ್ದೆ.”

“ಸಮರ್ಥ ನಿಮಗೆ ಅಂತ ಗುಟ್ಟಾಗಿ ಕಟ್ಟಿಟ್ಟಿದ್ದ. ಪೂರ್ತಿ ಮುಗಿಸಿದ್ದ,” ಎಂದೆ. ಬಸ್ಸಿನಲ್ಲಿ ಹೇಳಿಕೊಂಡು ಬಂದ ಮಾತು.

ಅನಿಲ್ ಡಬ್ಬದ ಮುಚ್ಚಳ ತೆಗೆದರು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, ವಿಮಾನವನ್ನು ಎತ್ತಿ ಗಾಜಿನ ಕೌಂಟರಿನ ಮೇಲೆ ನಿಲ್ಲಿಸಿದರು. ಅದರ ಮುಂದಿನ ಚಕ್ರ ಮೆಲ್ಲಗೆ ಮೇಲೆದ್ದಿತು. ವಿಮಾನ ಬಾಲ ಊರಿ ಕೂತು, ಮೇಲೆ ನೇತುಹಾಕಿದ್ದ ಫ್ಯಾನ್ ಬೆಲ್ಟುಗಳ ಕಡೆ ಮೂಗು ಎತ್ತಿತು. ಇನ್ನೊಮ್ಮೆ ಸರಿಯಾಗಿಟ್ಟರು. ಮತ್ತೆ ಕೂತಿತು.

“ಇದನ್ನ ಅವನು ಮುಗ್ಸಿಲ್ಲ ಅತ್ತಿಗೆ.”

ನಾನು ವಿಮಾನದ ಮೂಗನ್ನು ಬೆರಳಿನಿಂದ ಕೆಳಕ್ಕೊತ್ತಿದೆ.

“ಮುಚ್ಚೋಕ್ ಮುಂಚೆ ಮೂಗಿನೊಳಗೆ ಸೀಸ ತುಂಬ್ಬೇಕು. ಇಲ್ದಿದ್ರೆ ಹಿಂಗೇ ಬಾಲ ಊರುತ್ತೆ. ಸ್ಕೂಲಲ್ಲಿ ನಂಗಿದನ್ನ ಹೇಳ್ಕೊಟ್ಟಿದ್ದೇ ಅವನು.” ಡಬ್ಬದಲ್ಲಿದ್ದ ಸೂಚನೆಯ ಹಾಳೆ ಬಿಡಿಸಿ ಮೂರನೆಯ ಚಿತ್ರದ ಮೇಲೆ ಬೆರಳಿಟ್ಟರು. ಮೂಗಿನೊಳಗೆ ಒಂದು ಸಣ್ಣ ತೂಕದ ಗುರುತಿತ್ತು. ಅದರ ಪಕ್ಕ ಸಮರ್ಥನ ಪೆನ್ಸಿಲ್ ಗೆರೆಯೂ ಇತ್ತು. ಸೀಸ ಆಮೇಲೆ ಹಾಕಿದರಾಯಿತೆಂದು ಬಿಟ್ಟಿರಬೇಕು.

“ನಾನೇ ಕಟ್ಟಿದ್ದು,” ಎಂದೆ. “ಅವನು ಮೂರನೇ ದಿನಕ್ಕೇ ಬಿಚ್ಚಿದ್ದ. ಮುಟ್ಟಿಲ್ಲ ಅಂತ ನಿಮಗೆ ಸುಳ್ಳು ಹೇಳ್ತಿದ್ದ.”

“ಗೊತ್ತಿತ್ತು ಬಿಡಿ.”

“ಹೇಗೆ?”

“ನಾನು ಕೇಳ್ದೇ ಇದ್ರೂ ಮುಟ್ಟಿಲ್ಲ, ಮುಟ್ಟಿಲ್ಲ ಅಂತಿದ್ನಲ್ಲ! ಸ್ಕೂಲಲ್ಲೂ ಇದೇ ಬುದ್ಧಿ. ನಿನ್ ಟಿಫನ್ ಡಬ್ಬಿ ಮುಟ್ಟಿಲ್ಲ ಕಣೋ ಅನ್ನೋನು, ಬಾಯ್ತುಂಬ ನಮ್ಮಮ್ಮನ ಚಿತ್ರಾನ್ನ.”

“ಮತ್ತೆ ಡಬ್ಬ ಯಾಕೆ ಕೇಳಿದ್ರಿ?”

“ಎಲ್ಲೀವರೆಗೂ ಕಟ್ಟಿದಾನೆ ಅಂತ ನೋಡ್ಬೇಕಿತ್ತು. ಆವತ್ತು ನಿಮ್ಮ ಹತ್ರ ಹಂಗಂತ ಹೇಗೆ ಕೇಳ್ಲಿ?”

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಯಾರೋ ಅದರ ಮೈಗೆ ತಟ್ಟುತ್ತಿದ್ದರು.

“ಇದ್ರಲ್ಲಿ ಅವನು ಮಾಡಿದ್ದು ಯಾವ್ದು?” ಎಂದು ಕೇಳಿದರು.

“ಒಳಗಡೆ.”

ಅನಿಲ್ ಬಗ್ಗಿ, ಪೈಲಟ್ಟಿನ ಗಾಜಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು. ಏನೂ ಕಂಡಿರಲಾರದು. ನಾನು ಸೀಟಿನ ಪಟ್ಟಿ, ಗಡಿಯಾರಗಳು, ಬಿಳಿ ಮುಳ್ಳು ಎಲ್ಲವನ್ನೂ ಹೇಳಿದೆ. ಅವರು ಬಗ್ಗಿದ ಹಾಗೆಯೇ ಕೇಳಿದರು.

“ಕೆಳಗಿಂದ ತೂತು ಕೊರೆದು ಬೇರಿಂಗ್ ಗುಂಡು ತುಂಬಿದ್ರೆ ನಿಲ್ಲುತ್ತೆ,” ಎಂದರು.

“ಕೊರೀಬೇಡಿ.”

“ಇಲ್ಲ, ಇಲ್ಲ. ಅತ್ತಿಗೆ, ಇದು ನಿಮ್ಮ ಹತ್ರಾನೇ ಇರ್ಲಿ.”

“ನಿಮ್ದು,” ಎಂದೆ. “ವಾಪಸ್ ಕೊಡ್ತೀನಿ ಅಂತ ಅವನು ತಂದಿದ್ದು.”

ಅವರು ಕಪಾಟಿನಿಂದ ಸ್ಪಾರ್ಕ್ ಪ್ಲಗ್ಗಿನ ಖಾಲಿ ಪೆಟ್ಟಿಗೆಯೊಂದನ್ನು ತೆಗೆದುಕೊಂಡರು. ನಾನು ಬಾಲ ಎತ್ತಿ ಹಿಡಿದೆ. ಪೆಟ್ಟಿಗೆಯನ್ನು ಅದರ ಕೆಳಗೆ ಸರಿಸಿ, ಮುಂದಿನ ಚಕ್ರ ಗಾಜಿಗೆ ತಾಗಿದೆಯೇ ಎಂದು ಬಗ್ಗಿ ನೋಡಿದರು.

“ನಿಲ್ಲುತ್ತೆ ಅತ್ತಿಗೆ. ಕೈ ತೆಗೀರಿ.”

ತೆಗೆದೆ.