ಇಳೀರಿ ಎಂದ ಮೇಲೆ

ಊರೂರು ಅಲೆಯುವ ಆ ಆಟದ ಮೇಳದಲ್ಲಿ ಗದ್ದಲಕ್ಕೇನೂ ಬರವಿರಲಿಲ್ಲ. ಜೈಂಟ್ ವೀಲಿನ ಹಾಡು ಒಂದು, ಬಲೂನಿಗೆ ಗುರಿಯಿಡುವ ಅಂಗಡಿಯ ಹಾಡು ಇನ್ನೊಂದು. ಎರಡೂ ಮೈದಾನದ ನಡುವೆ ಡಿಕ್ಕಿ ಹೊಡೆದು ಯಾವುದೂ ಅಲ್ಲದ ಮೂರನೆಯದು ಕೇಳುತ್ತಿತ್ತು. ಅಷ್ಟರ ನಡುವೆಯೂ ತಿರುಗುವ ಕುದುರೆಗಳ ಕಡೆಯಿಂದ ಹೆಂಗಸೊಬ್ಬಳ ದನಿ ಎಲ್ಲರ ಕಿವಿಗೂ ಬೀಳುತ್ತಿತ್ತು: "ಹತ್ತಿದ್ರಾ ಮಕ್ಕಳೇ? ಬಿಗಿಯಾಗಿ ಹಿಡ್ಕೊಳ್ಳಿ. ಕಂದಾ, ಕೈ ಬಿಡಬೇಡ!" ಆಮೇಲೆ ಮೂರು ನಿಮಿಷದ ವಾದ್ಯ, ಕೊನೆಗೆ ಮತ್ತೆ ಅದೇ ದನಿ: "ಸಾಕಾಯ್ತಾ? ನಿಧಾನಕ್ಕೆ ಇಳೀರಿ."

ಆ ಹೆಂಗಸು ಸತ್ತು ಇಪ್ಪತ್ತಾರು ವರ್ಷವಾಗಿತ್ತು.

ಅವಳ ಮಗಳಿಗೂ ಈಗ ಇಪ್ಪತ್ತಾರೇ. ಅಮ್ಮನೆಂದರೆ ಅವಳ ಪಾಲಿಗೆ ಕ್ಯಾಸೆಟ್ಟಿನಲ್ಲಿದ್ದ ಈ ಎರಡು ಮಾತು, ಅಷ್ಟೇ. ಮೂರು ತಿಂಗಳ ಬಾಣಂತಿ, ತಲೆ ಸುತ್ತಿ ಕುದುರೆಯಿಂದ ಬಿದ್ದಳು ಎಂದು ಅಪ್ಪ ಹೇಳಿದ್ದ. ದಿನದ ಮೊದಲ ಸುತ್ತನ್ನು ಮನೆಯವರೇ ಕೂತು ನೋಡಿದ ಮೇಲೆ ಊರ ಮಕ್ಕಳನ್ನು ಹತ್ತಿಸುವುದು ಮೇಳದವರ ಪದ್ಧತಿ; ಅವತ್ತು ಕೂತವಳು ಅಮ್ಮ. ಅಂದಿನಿಂದ ಮೊದಲ ಸುತ್ತು ಖಾಲಿಯೇ ತಿರುಗುತ್ತಿತ್ತು. ಹಸಿ ಬಾಣಂತಿಗೆ ಇದೆಲ್ಲ ಬೇಕಿತ್ತೇ ಎಂದು ಮಗಳು ಅಮ್ಮನನ್ನೇ ಬೈದುಕೊಂಡು ಬೆಳೆದಳು. ಜೊತೆಗೆ ಹೊಟ್ಟೆಕಿಚ್ಚು ಬೇರೆ. ಕಂಡವರ ಮಕ್ಕಳನ್ನೆಲ್ಲ ಕಂದಾ ಎಂದವಳು ತನ್ನನ್ನು ಹೆಸರು ಹಿಡಿದು ಕರೆದದ್ದು ಎಲ್ಲೂ ಉಳಿದಿಲ್ಲವಲ್ಲ! ಚಿಕ್ಕವಳಿದ್ದಾಗ, ಆ ಮಾತು ತನಗೇ ಎಂದುಕೊಂಡು, ಸುಸ್ತಾಗುವವರೆಗೆ ಕುದುರೆ ಹತ್ತುತ್ತಿದ್ದಳು.

ಟೇಪಿನ ಹತ್ತಿರ ಅಪ್ಪ ಯಾರನ್ನೂ ಬಿಟ್ಟವನಲ್ಲ. ಬ್ರೇಕಿನ ಹಿಡಿಕೆ ಬಲಗೈಗೆ, ಟೇಪಿನ ಗುಂಡಿ ಎಡಗೈಗೆ. "ಇಳೀರಿ" ಕೇಳಿದ್ದೇ ಬ್ರೇಕ್ ಎಳೆದು, ಗುಂಡಿ ಒತ್ತಿ, ಟೇಪನ್ನು ಹಿಂದಕ್ಕೆ ಸುತ್ತುವನು. ಆ ಟಕ್ ಎಂಬ ಸದ್ದೂ ಹಾಡಿನ ಭಾಗವೇ ಆಗಿಬಿಟ್ಟಿತ್ತು. ಈ ಸಲ ಗ್ರೀಸ್ ಹಚ್ಚುವಾಗ ಹಲ್ಲುಚಕ್ರಕ್ಕೆ ಬೆರಳು ಸಿಕ್ಕಿ ಎಡಗೈಗೆ ಕಟ್ಟು ಬಿದ್ದಿತ್ತು. ಬೇರೆ ದಾರಿಯಿಲ್ಲದೆ ಟೇಪಿನ ಮುಂದೆ ಮಗಳನ್ನು ಕೂರಿಸಿದ.

"ಇಳೀರಿ ಅಂದ ತಕ್ಷಣ ನಿಲ್ಲಿಸ್ಬಿಡು. ಒಂದು ಕ್ಷಣ ಹೆಚ್ಚಿಗೆ ಬಿಡ್ಬೇಡ."

"ಬಿಟ್ರೆ ಏನಪ್ಪಾ?"

"ಏನಿಲ್ಲ. ಖಾಲಿ ಇದೆ. ಟೇಪ್ ಸವೆಯುತ್ತೆ."

ಖಾಲಿ ಟೇಪು ಸವೆದರೆ ಯಾರಪ್ಪನ ಗಂಟು ಹೋಗುತ್ತದೆ? ಅಪ್ಪನ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು. ಅಲ್ಲಿ ತನ್ನ ಹೆಸರೇ ಇದ್ದರೆ?

ಮಧ್ಯಾಹ್ನ ಮೂರಕ್ಕೆ, ಗೇಟು ತೆರೆಯುವ ಮುಂಚೆ, ಖಾಲಿ ಸುತ್ತು ಶುರುವಾಯಿತು. "ನಿಧಾನಕ್ಕೆ ಇಳೀರಿ" ಎಂದಿತು ದನಿ. ಅಪ್ಪ ಬ್ರೇಕ್ ಎಳೆದ, ಕುದುರೆಗಳು ನಿಂತವು. ಅವಳು ಗುಂಡಿ ಒತ್ತಲಿಲ್ಲ.

ಸ್ಪೀಕರಿನಲ್ಲಿ ಬರೀ ಸರಸರ ಸದ್ದು. ಅದರ ಹಿಂದೆ ಒಂದು ಕೂಸಿನ ಅಳು. ತನ್ನದೇ! ಆಮೇಲೆ ಅಮ್ಮನ ದನಿ, ಮೈಕಿಗಲ್ಲ, ಪಕ್ಕದಲ್ಲಿದ್ದವನಿಗೆ:

"ಆಯ್ತಲ್ಲ, ಆಫ್ ಮಾಡಿ. ರೀ, ಆ ಬಿಳಿ ಕುದುರೆ ಕಂಬದ ಬೋಲ್ಟ್ ಸಡಿಲ ಆಗಿದೆ ಅಂತ ಮೂರು ಸಲ ಹೇಳಿದೀನಿ. ಕಿವಿ ಮೇಲೆ ಹಾಕ್ಕೊಳ್ತಾನೇ ಇಲ್ವಲ್ಲ ನೀವು! ನಾಳೆ ಮೊದಲ ಸುತ್ತಿಗೆ ನಾನೇ ಅದರ ಮೇಲೆ ಕೂತ್ಕೋತೀನಿ. ಆಗಲಾದ್ರೂ ಸರಿ ಮಾಡ್ತೀರೇನೋ ನೋಡೋಣ."

ಆಮೇಲೆ ಟೇಪಿನಲ್ಲಿ ಅಮ್ಮ ನಕ್ಕಳು. ಆ ನಗು ಮೈದಾನದ ಉದ್ದಕ್ಕೂ ಹೋಯಿತು. ಬಲೂನು ಊದುತ್ತಿದ್ದ ಅಂಗಡಿಯವನು ಊದುವುದನ್ನು ಬಿಟ್ಟು ಇತ್ತ ತಿರುಗಿದ.

ಮಗಳಿಗೆ ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ, ತಪ್ಪಿಲ್ಲದ ಅಮ್ಮನನ್ನು ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನಲ್ಲ ಎನ್ನಿಸಿತು.

"ದಿನಕ್ಕೆ ನಲವತ್ತು ಸಲ ಈ ಮಾತಿನ ಹತ್ರ ಬಂದು ನಿಲ್ಲಿಸ್ತಿದ್ಯಲ್ಲಪ್ಪಾ. ಕತ್ತರಿಸಿ ಬಿಸಾಕ್ಬಾರ್ದಿತ್ತಾ?"

"ಅವಳ ನಗು ಉಳಿದಿರೋದು ಅಲ್ಲೊಂದೇ ಕಡೆ," ಎಂದ ಅಪ್ಪ.

ನಿಂತ ಕುದುರೆಗಳ ಬ್ರೇಕನ್ನು ಅವನು ಇನ್ನೂ ಹಿಡಿದೇ ಇದ್ದ.

"ಮೂರು ಸಲ ಅಲ್ಲ ಮಗಳೇ. ಮಾರನೇ ದಿನ ಕುದುರೆ ಹತ್ತಿ ಕೂತು ಇನ್ನೊಂದ್ಸಲ ಹೇಳಿದ್ಲು. ನಾನೂ ನಗ್ತಾನೇ ಮೋಟರ್ ಹಾಕ್ದೆ."